ಜವಳಿ ತೆಗೆಯಲು ಹೊರಟವರಿಗೆ

ಮದುವೆ ಗೊತ್ತಾಗಿ, ಜವಳಿ ತೆಗೆಯಲು ಒಳ್ಳೆಯ ದಿನ ನೋಡುತ್ತಿರುವ ಎಲ್ಲ ಮನೆಗಳ ಹಿರಿಯರಿಗೆ,



ನಿಮಗೆ ಈಗ ಪುರುಸೊತ್ತಿಲ್ಲ ಎಂಬುದು ಗೊತ್ತು. ಛತ್ರಕ್ಕೆ ಮುಂಗಡ ಕೊಡಬೇಕು, ಅಡುಗೆಯವರ ಜೊತೆ ಮಾತಾಡಬೇಕು, ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ ಯಾರದು ಕೆಳಗೆ ಎಂಬ ಮುನಿಸು ಬೇರೆ. ಇದರ ನಡುವೆ ಒಂದು ಪತ್ರ ಓದಿ ಎಂದು ಕೇಳುವುದು ಹೆಚ್ಚೇ ಆಯಿತು. ಆದರೆ ಜವಳಿ ತೆಗೆದಾದ ಮೇಲೆ ಓದಿದರೆ ಇದರಿಂದ ಏನೂ ಉಪಯೋಗವಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಸೀರೆ ತೋರಿಸುವ ಹೆಣ್ಣುಮಗಳಿಗೆ ಕೂರಲು ಜಾಗ ಕೊಡದ ಅಂಗಡಿಯಲ್ಲಿ ಜವಳಿ ತೆಗೆಯಬೇಡಿ. ಯಾಕೆ ತೆಗೆಯುತ್ತಿಲ್ಲ ಎಂಬುದನ್ನು ಆ ಅಂಗಡಿಯ ಮಾಲೀಕರಿಗೆ ಹೇಳಿ ಬನ್ನಿ. ಇಷ್ಟೇ. ಮುಂದಿನದೆಲ್ಲ ಇದನ್ನು ಯಾಕೆ ನಿಮಗೇ ಹೇಳುತ್ತಿದ್ದೇನೆ, ಲೇಬರ್ ಇನ್ಸ್‌ಪೆಕ್ಟರಿಗೆ ಯಾಕಲ್ಲ ಎಂಬುದರ ವಿವರ.

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು. ಸೀರೆ ಅಂಗಡಿಗಳ ಬೀದಿಯ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಎರಡು ಮಷಿನ್ನು, ಒಂದು ಕಟಿಂಗ್ ಟೇಬಲ್ಲು, ಅಳತೆ ಕೊಡಲು ಬಂದವರಿಗೊಂದು ಬೆಂಚು. ಫಾಲ್ಸ್, ಜಿಗ್‌ಜಾಗ್, ಕುಚ್ಚು ಎಲ್ಲವನ್ನೂ ಮಾಡಿಕೊಡುತ್ತೇವೆ. ಹರಿಹರ, ಹರಪನಹಳ್ಳಿ, ಚನ್ನಗಿರಿ, ರಾಣೆಬೆನ್ನೂರಿನಿಂದ ಜವಳಿಗೆ ಬಂದವರು ಸೀರೆ ಕವರಿನ ಸಮೇತ ನಮ್ಮಲ್ಲಿಗೆ ಬರುತ್ತಾರೆ. ಹೀಗಾಗಿ ಯಾವ ಅಂಗಡಿಯ ರೇಷ್ಮೆ ಎಂಥದು, ಯಾವ ಅಂಗಡಿಯವರು ಬ್ಲೌಸ್ ಪೀಸಿನಲ್ಲಿ ಕೈಯಳತೆ ಉಳಿಸುತ್ತಾರೆ ಎಂಬುದೆಲ್ಲ ನಮಗೆ ಗೊತ್ತಾಗುತ್ತದೆ.

ಮಧ್ಯಾಹ್ನದ ಹೊತ್ತು ಆ ಬೆಂಚು ಗಿರಾಕಿಗಳಿಗೆ ಸಿಗುವುದಿಲ್ಲ. ಪಾಳಿಯ ಮೇಲೆ ಊಟಕ್ಕೆ ಬಿಟ್ಟ ಸೇಲ್ಸ್ ಹುಡುಗಿಯರು ಬುತ್ತಿ ಹಿಡಿದುಕೊಂಡು ಬರುತ್ತಾರೆ. ಹುಡುಗಿಯರು ಎನ್ನುವುದು ಬೀದಿಯ ರೂಢಿ. ಅವರಲ್ಲಿ ನಲವತ್ತು ದಾಟಿದವರಿದ್ದಾರೆ, ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ. ಅವರ ಅಂಗಡಿಗಳಲ್ಲಿ ಊಟಕ್ಕೆ ಜಾಗವೇ ಇಲ್ಲವೆಂದಲ್ಲ. ಒಂದು ಕಡೆ ಅದು ಮೇಲಿನ ಮಹಡಿಯ ಗೋಡೌನಿನಲ್ಲಿದೆ, ಆದರೆ ಲಿಫ್ಟು ಗಿರಾಕಿಗಳಿಗೆ ಮಾತ್ರ. ಬೆಳಗಿನಿಂದ ನಿಂತ ಕಾಲಲ್ಲಿ ನಾಲ್ಕು ಮಹಡಿ ಹತ್ತಿ ಇಳಿಯುವುದಕ್ಕಿಂತ ನನ್ನ ಬೆಂಚೇ ವಾಸಿ. "ಅಕ್ಕಾ, ಒಂದೈದು ನಿಮಿಷ ಕುಂತು ಹೋಗ್ತೀನಿ" ಎನ್ನುತ್ತಾ ಬರುತ್ತಾರೆ. ಬಂದವರು ಮೊದಲು ಬುತ್ತಿ ಬಿಚ್ಚುವುದಿಲ್ಲ. ಪಾದ ಒತ್ತಿಕೊಳ್ಳುತ್ತಾರೆ.

ಅವರಲ್ಲೊಬ್ಬಾಕೆಯ ಮೊಣಕಾಲ ಹಿಂದೆ ನೀಲಿ ನರಗಳು ಹುರಿಹುರಿಯಾಗಿ ಎದ್ದಿವೆ. ವೆರಿಕೋಸ್ ವೇನ್ಸ್ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದಂತೆ; ನಿಂತಲ್ಲೇ ನಿಂತರೆ ಅದು ಕಾಲಲ್ಲೇ ತಂಗಿ ನರ ಉಬ್ಬುತ್ತದಂತೆ. ಬಿಗಿಯಾದ ಕಾಲುಚೀಲ ಹಾಕಿಕೊಳ್ಳಿ, ಹೆಚ್ಚು ಹೊತ್ತು ನಿಲ್ಲಬೇಡಿ ಎಂದು ಎರಡು ಸಲಹೆ ಕೊಟ್ಟಿದ್ದಾರೆ. ಕಾಲುಚೀಲ ಆಕೆ ಕೊಂಡುಕೊಂಡಳು. ಎರಡನೆಯದು ಆಕೆಯ ಕೈಯಲ್ಲಿಲ್ಲ. ಇನ್ನೊಬ್ಬಾಕೆ ಬೆಳಗಿನಿಂದ ನೀರು ಕುಡಿಯದೆ ಬರುತ್ತಾಳೆ. ಕುಡಿದರೆ ಕೌಂಟರ್ ಬಿಟ್ಟು ಹೋಗಬೇಕಾಗುತ್ತದೆ, ಹೋದರೆ ಫ್ಲೋರ್ ಮ್ಯಾನೇಜರ್ ಗಡಿಯಾರ ನೋಡುತ್ತಾರೆ. ಉರಿಮೂತ್ರ ಆಕೆಗೆ ಮೂರು ತಿಂಗಳಿಗೊಮ್ಮೆ ಬಂದುಹೋಗುವ ನೆಂಟ.

ಈಗ ನಿಮ್ಮ ಕಡೆಯಿಂದ ನೋಡೋಣ. ರಾಹುಕಾಲ ಕಳೆದ ಮೇಲೆ ನೀವು ಹತ್ತು ಹದಿನೈದು ಜನ ಟೆಂಪೋ ಟ್ರಾವೆಲರಿನಿಂದ ಇಳಿಯುತ್ತೀರಿ. ಬಾಗಿಲಲ್ಲೇ ಮಾಲೀಕರು ಕೈಮುಗಿಯುತ್ತಾರೆ. ಅಜ್ಜಿಗೆ ಬೆನ್ನು ಆನಿಸುವ ಕುರ್ಚಿ, ಮಕ್ಕಳಿಗೆ ಬಾದಾಮಿ ಹಾಲು, ಗಂಡಸರಿಗೆ ಕಾಫಿ ಬರುತ್ತದೆ. ಮೊದಲು ಧಾರೆ ಸೀರೆ, ಆಮೇಲೆ ಆರತಕ್ಷತೆಯದು, ಬೀಗಿತ್ತಿಗೆ, ಸೋದರತ್ತೆಯರಿಗೆ, ಕೊನೆಗೆ ಉಡುಗೊರೆಯ ಸೀರೆಗಳ ರಾಶಿ. ಮಧ್ಯೆ ಊಟಕ್ಕೆ ಹೋಗಿ ಬರುತ್ತೀರಿ. ಅಷ್ಟೂ ಹೊತ್ತು ಒಬ್ಬಳು ನಿಂತೇ ಇರುತ್ತಾಳೆ. ರ‍್ಯಾಕಿನಿಂದ ಕಟ್ಟು ಇಳಿಸುತ್ತಾಳೆ, ಸೆರಗು ಬಿಚ್ಚಿ ಹರಡುತ್ತಾಳೆ, ತನ್ನ ಹೆಗಲ ಮೇಲೆ ಹೊದ್ದು ತೋರಿಸುತ್ತಾಳೆ, "ಇದೇ ಅಂಚಲ್ಲಿ ಒಡಲು ಸ್ವಲ್ಪ ತಿಳಿ ಬಣ್ಣದ್ದು ಇದೆಯಾ" ಎಂದರೆ ಮತ್ತೆ ಏಣಿ ಹತ್ತುತ್ತಾಳೆ. ನೀವು ಬಿಲ್ ಮಾಡಿಸಿ ಹೋದ ಮೇಲೆ ನೀವು ಬೇಡವೆಂದ ಅಷ್ಟೂ ಸೀರೆಗಳನ್ನು ಹಳೆಯ ಮಡಿಕೆಯ ಗೆರೆ ತಪ್ಪದಂತೆ ಮಡಚಿ ಒಳಗಿಡಬೇಕಾದವಳೂ ಅವಳೇ. ರೇಷ್ಮೆ ಸೀರೆಯ ಮಡಿಕೆ ತಪ್ಪಿದರೆ ಜರಿ ಮುರಿಯುತ್ತದೆ, ಅದು ಅವಳ ಲೆಕ್ಕಕ್ಕೆ ಬರುತ್ತದೆ. ಮನೆಗೆ ಹೋಗುವ ಕೊನೆಯ ಬಸ್ಸು ಯಾವುದು ಎಂಬುದು ನಿಮ್ಮ ಅತ್ತಿಗೆಯವರ ಕೊನೆಯ ಮನಸ್ಸು ಬದಲಾವಣೆಯ ಮೇಲೆ ನಿಂತಿರುತ್ತದೆ.

ನಾನು ಕೂತು ದುಡಿಯುವವಳು. ಕೂತೂ ಕೂತೂ ಸೊಂಟ ಹಿಡಿದಿದೆ, ಕತ್ತು ತಿರುಗುವುದಿಲ್ಲ. ಯಾವ ದುಡಿಮೆಯೂ ಮೈಯನ್ನು ಬಿಟ್ಟಿಲ್ಲ ಎಂಬುದು ನನಗೆ ಗೊತ್ತು. ಆದರೆ ನನಗೆ ಬೇಕೆನಿಸಿದಾಗ ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ, ನನ್ನನ್ನು ತಡೆಯುವವರಿಲ್ಲ. ಅಂಗಡಿಯಲ್ಲಿ ಗಿರಾಕಿಯೇ ಇಲ್ಲದ ಮಂಗಳವಾರದ ಮಧ್ಯಾಹ್ನವೂ ಅವರು ನಿಂತೇ ಇರಬೇಕೆಂಬ ನಿಯಮ ಮಾತ್ರ ನನಗೆ ಅರ್ಥವಾಗಲಿಲ್ಲ. ಸೀರೆ ತೋರಿಸುವಾಗ ನಿಲ್ಲಲಿ, ಅದು ಕೆಲಸ. ತೋರಿಸಲು ಯಾರೂ ಇಲ್ಲದಾಗ ನಿಲ್ಲುವುದು ಯಾವ ಕೆಲಸ?

ಇದನ್ನೇ ಒಬ್ಬ ಮಾಲೀಕರನ್ನು ಕೇಳಿದೆ. ಪರಿಚಯದವರು, ಕೆಟ್ಟವರಲ್ಲ, ಕೆಲಸದವರ ಮಗಳ ಮದುವೆಗೆ ಸೀರೆ ಕೊಟ್ಟು ಕಳಿಸುವವರು. ಅವರು ಹೇಳಿದ್ದು ಹೀಗೆ: "ನನಗೇನಮ್ಮಾ, ಕೂರಲಿ. ಆದರೆ ಲಕ್ಷಾಂತರ ವ್ಯಾಪಾರಕ್ಕೆ ಬಂದ ಪಾರ್ಟಿ ಒಳಗೆ ಕಾಲಿಟ್ಟಾಗ ಇವರು ಕೂತಿದ್ದರೆ ಅವರಿಗೆ ಮರ್ಯಾದೆ ಕೊಟ್ಟಂಗಾಗುತ್ತಾ? ಗಿರಾಕಿಗೇ ಅದು ಹಿಡಿಸಲ್ಲ."

ಹಿರಿಯರೇ, ಈ ಪತ್ರ ಬರೆಯಲು ಕಾರಣ ಆ ಮಾತು. ಆ ಹೆಣ್ಣುಮಕ್ಕಳು ನಿಂತಿರುವುದು ನಿಮ್ಮ ಹೆಸರಿನಲ್ಲಿ. ನಿಮ್ಮನ್ನು ಯಾರೂ ಕೇಳಿಲ್ಲ, ನೀವೂ ಯಾರಿಗೂ ಹೇಳಿಲ್ಲ, ಆದರೆ ನಿಮ್ಮ ಮರ್ಯಾದೆಗಾಗಿ ಅವರ ಕಾಲಿನ ನರ ಉಬ್ಬುತ್ತಿದೆ. ಹಾಗಾದರೆ ಅದನ್ನು ಬೇಡವೆನ್ನುವ ಅಧಿಕಾರವೂ ನಿಮ್ಮದೇ ಅಲ್ಲವೇ? ಇನ್ಸ್‌ಪೆಕ್ಟರು ಹೇಳಿದರೆ ಮಾಲೀಕರು ಒಂದು ರಿಜಿಸ್ಟರ್ ತೋರಿಸಿಯಾರು. "ಗಿರಾಕಿಗೆ ಹಿಡಿಸಲ್ಲ" ಎಂಬ ಮಾತಿಗೆ ಉತ್ತರ ಕೊಡಲು ಗಿರಾಕಿಯೇ ಬೇಕು.

ನಿಜ ಹೇಳಬೇಕೆಂದರೆ, ಮಾರುವವರು ಕೂರುವುದು ನಮಗೆ ಹೊಸದೂ ಅಲ್ಲ. ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ಅಂಗಡಿಗಳಲ್ಲಿ ಇವತ್ತಿಗೂ ಬಿಳಿ ಗಾದಿ ಹಾಸಿದೆ. ಚಪ್ಪಲಿ ಬಿಟ್ಟು ಹತ್ತಿದರೆ ಮಾರುವವರೂ ಕೊಳ್ಳುವವರೂ ಅದೇ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎದುರುಬದುರು ಮಾತಾಡುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲೂ ಹಾಗೇ ಇತ್ತು. ಕೂತವರು ಆಗ ಗಂಡಸರು, ಬಹುಪಾಲು ಮಾಲೀಕರ ಮನೆಯವರೇ. ಗಾಜಿನ ಬಾಗಿಲು, ಎಸಿ, ಟೈಲ್ಸ್ ನೆಲ, ಉದ್ದನೆಯ ಕೌಂಟರ್ ಬಂದವು, ಗಾದಿ ಹೋಯಿತು. ಅದೇ ಹೊತ್ತಿಗೆ ಕೌಂಟರಿನ ಹಿಂದೆ ಕಡಿಮೆ ಸಂಬಳದ ಹೆಣ್ಣುಮಕ್ಕಳು ಬಂದರು. ಗಿರಾಕಿಗೆ ಕುರ್ಚಿ ಬಂತು, ಮಾರುವವರ ಗಾದಿಯ ಬದಲಿಗೆ ಏನೂ ಬರಲಿಲ್ಲ. ಅಂದರೆ ಅಂದಿನ ಗಿರಾಕಿಗೆ ಕೂತ ಮಾಲೀಕ ಅವಮರ್ಯಾದೆ ಎನಿಸಲಿಲ್ಲ, ಇಂದಿನ ಗಿರಾಕಿಗೆ ಕೂತ ಕೆಲಸದವಳು ಅವಮರ್ಯಾದೆ ಎನಿಸುತ್ತಾಳೆಂದು ಯಾರೋ ತೀರ್ಮಾನಿಸಿದ್ದಾರೆ.

ಕಾನೂನಿನ ಮಾತು ಬಂದರೆ ಇನ್ನೂ ವಿಚಿತ್ರ. ನಮ್ಮಪ್ಪ ಇಲ್ಲಿನ ಹತ್ತಿ ಗಿರಣಿಯಲ್ಲಿದ್ದವರು.  ಅಂಥ ಗಿರಣಿಗಳಿಗೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 44ನೆಯ ಕಲಂ ಪ್ರಕಾರ, ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರಲು ಕಾರ್ಖಾನೆಯಲ್ಲಿ ಜಾಗ ಇರಬೇಕಿತ್ತು. ಬಟ್ಟೆ ತಯಾರಾಗುವ ಕಡೆ ಕೂರುವ ಹಕ್ಕು ಅಂದೇ ಬಂತು. ಅದೇ ಬಟ್ಟೆ ಮಾರಾಟವಾಗುವ ಕಡೆಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು, ಅದೂ ಪಕ್ಕದ ಕೇರಳದಲ್ಲಿ. ನಮ್ಮ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ, ಐದು ಗಂಟೆಯ ಕೆಲಸಕ್ಕೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ ಬರೆದಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ನಿಂತೇ ದುಡಿಯಬೇಕಾದವರಿಗೆ ಕೂರುವ ವ್ಯವಸ್ಥೆ ಇರಲಿ ಎಂಬ ಮಾತಿದೆ. ಇದನ್ನೆಲ್ಲ ನನಗೆ ಓದಿ ಹೇಳಿದವಳು ಕಾನೂನು ಓದುತ್ತಿರುವ ನನ್ನ ಮಗಳು. ನನ್ನ ಬೆಂಚಿನ ಮೇಲೆ ಊಟ ಮಾಡುವವರಿಗೆ ಅದನ್ನು ಅವಳು ಓದಿ ಹೇಳಿದಾಗ ಅವರು ನಕ್ಕರು.

ಕೇರಳದಲ್ಲಿ ಈ ಕೂರುವ ಹಕ್ಕನ್ನು ಹೆಣ್ಣುಮಕ್ಕಳು ಬೀದಿಗಿಳಿದು ಪಡೆದುಕೊಂಡರು. ಕೋಳಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಯ ಕೆಲಸಗಾರ್ತಿಯರು ಮೊದಲು ಹೋರಾಡಿದ್ದು ಶೌಚಾಲಯಕ್ಕಾಗಿ. ಅಲ್ಲೂ ಇಲ್ಲಿಯ ಹಾಗೇ ಹೆಂಗಸರು ದಿನವಿಡೀ ನೀರು ಕುಡಿಯದೆ ಇರುತ್ತಿದ್ದರು. ಪಿ. ವಿಜಿ ಎಂಬ ದರ್ಜಿ ಹೆಂಗಸು ಅವರನ್ನು ಸೇರಿಸಿ 'ಪೆಣ್‌ಕೂಟ್ಟ್' ಎಂಬ ಸಂಘಟನೆ ಕಟ್ಟಿದರು. ದರ್ಜಿ ಎಂದು ಓದಿದಾಗ ನನಗೆ ಸ್ವಲ್ಪ ಹೆಮ್ಮೆಯಾಯಿತು, ಮುಚ್ಚಿಡುವುದಿಲ್ಲ. 2014ರ ಕೊನೆಯಲ್ಲಿ ತ್ರಿಶೂರಿನ ಒಂದು ದೊಡ್ಡ ಸೀರೆ ಮಳಿಗೆಯ ಬಾಗಿಲಲ್ಲಿ ಬೆರಳೆಣಿಕೆಯ ಸೇಲ್ಸ್ ಹೆಂಗಸರು ಧರಣಿ ಕೂತರು, ತಿಂಗಳುಗಟ್ಟಲೆ ಕೂತರು. ಒಳಗೆ ಕೂರಲು ಬಿಡದವರ ಎದುರು ಹೊರಗೆ ಕೂತರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿ, ಕೆಲಸದವರಿಗೆ ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ತನ್ನ 1947ರ ಕಾಯ್ದೆಗೆ ಅಂಥದೇ ಕಲಂ ಸೇರಿಸಿತು.

ಆದರೆ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೂ ಹಳೆಯ, ಇನ್ನೂ ದೂರದ ಕಥೆ. ಅದರಲ್ಲಿ ಇರುವವರು ನಿಮ್ಮಂಥವರು, ಅಂದರೆ ಕೊಳ್ಳುವವರು.

1890ರ ಸುಮಾರಿನ ನ್ಯೂಯಾರ್ಕ್. ದೊಡ್ಡ ದೊಡ್ಡ ಬಟ್ಟೆ ಮಳಿಗೆಗಳು, ಕೌಂಟರಿನ ಹಿಂದೆ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು, ಬೆಳಗಿನಿಂದ ರಾತ್ರಿಯವರೆಗೆ ನಿಂತೇ. ಅವರಿಗೆ ಆಸನ ಇಡಬೇಕೆಂಬ ಕಾನೂನು ಅಲ್ಲಿ ಆಗಲೇ ಇತ್ತು. ಮಳಿಗೆಗಳಲ್ಲಿ ಆಸನಗಳೂ ಇದ್ದವು, ಅದರ ಮೇಲೆ ಕೂತವರಿಗೆ ಮಾತ್ರ ಉಳಿಗಾಲವಿರಲಿಲ್ಲ. ಅಲಿಸ್ ವುಡ್‌ಬ್ರಿಜ್ ಎಂಬಾಕೆ, ತಾನೂ ಅಂಗಡಿಯಲ್ಲಿ ದುಡಿದವಳು, ಈ ಹೆಣ್ಣುಮಕ್ಕಳ ಪಾಡನ್ನೆಲ್ಲ ಬರೆದಿಟ್ಟಳು. ಅದನ್ನು ಓದಿದ ನಗರದ ಅನುಕೂಲಸ್ಥ ಮನೆಯ ಹೆಂಗಸರು 1891ರಲ್ಲಿ ಕನ್ಸ್ಯೂಮರ್ಸ್ ಲೀಗ್ ಎಂಬ ಸಂಘ ಮಾಡಿಕೊಂಡರು. ಜೋಸೆಫಿನ್ ಶಾ ಲೋವೆಲ್ ಅದರ ಅಧ್ಯಕ್ಷೆ. ಅವರ ವಾದ ನೇರವಾಗಿತ್ತು: ನಾವು ಕೊಳ್ಳುವುದರಿಂದ ಈ ಮಳಿಗೆಗಳು ನಡೆಯುತ್ತಿವೆ, ಆದ್ದರಿಂದ ಒಳಗೆ ನಡೆಯುವುದಕ್ಕೆ ನಾವೂ ಹೊಣೆ.

ಅವರು ಕೆಟ್ಟ ಅಂಗಡಿಗಳ ಪಟ್ಟಿ ಮಾಡಲಿಲ್ಲ. ಹಾಗೆ ಮಾಡಿದ್ದರೆ ಕೋರ್ಟಿಗೆ ಅಲೆಯಬೇಕಾಗುತ್ತಿತ್ತು. ಒಳ್ಳೆಯ ಅಂಗಡಿಗಳ ಪಟ್ಟಿ ಮಾಡಿದರು. ಹೊತ್ತಿಗೆ ಸರಿಯಾಗಿ ಬಿಡುವವರು, ಊಟಕ್ಕೆ ಬಿಡುವು ಕೊಡುವವರು, ಆಸನ ಇಟ್ಟು ಅದರ ಮೇಲೆ ಕೂರಲೂ ಬಿಡುವವರು ಯಾರೋ ಅವರ ಹೆಸರು ಮಾತ್ರ. ಮೊದಲ ಪಟ್ಟಿಯಲ್ಲಿ ಇದ್ದದ್ದು ಎಂಟೇ ಅಂಗಡಿ. ಅಷ್ಟು ದೊಡ್ಡ ಊರಿನಲ್ಲಿ ಎಂಟು! ಆಮೇಲೆ ಪಟ್ಟಿಗೆ ಸೇರಲು ಮಳಿಗೆಗಳೇ ತಮ್ಮ ನಡೆ ತಿದ್ದಿಕೊಂಡವು. ಕ್ರಿಸ್ಮಸ್ಸಿಗೆ ಕೊನೇ ಗಳಿಗೆಯಲ್ಲಿ, ರಾತ್ರಿ ಹೊತ್ತಿನಲ್ಲಿ ಅಂಗಡಿಗೆ ನುಗ್ಗಬೇಡಿ, ಮುಂಚೆಯೇ ಕೊಂಡುಬಿಡಿ ಎಂದೂ ಆ ಹೆಂಗಸರು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಅದೇ ದಶಕದ ಕೊನೆಗೆ, 1899ರಲ್ಲಿ, ಬ್ರಿಟನ್ನಿನಲ್ಲಿ ಮೂವರು ಮಾರಾಟಗಾರ್ತಿಯರಿಗೆ ಒಂದಾದರೂ ಆಸನ ಇರಬೇಕೆಂದು ಕಾಯ್ದೆ ಬಂತು.

ನಮ್ಮಲ್ಲಿ ಅಂಥ ಪಟ್ಟಿಗೆ ಸಂಘ ಬೇಕಿಲ್ಲ, ಅಚ್ಚು ಹಾಕಿಸಬೇಕಿಲ್ಲ. ಮದುವೆ ಮನೆಯಲ್ಲಿ ಮಂಟಪದ ಎದುರು ಕೂತ ಹೆಂಗಸರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಯಾವುದು? "ಸೀರೆ ಎಲ್ಲಿ ತಗೊಂಡ್ರಿ?" ಒಂದು ಮದುವೆಯಲ್ಲಿ ಈ ಪ್ರಶ್ನೆಗೆ ಬಂದ ಉತ್ತರ ಮುಂದಿನ ಹತ್ತು ಮದುವೆಗಳ ಜವಳಿಯನ್ನು ತೀರ್ಮಾನಿಸುತ್ತದೆ. ಮಾಲೀಕರು ಫ್ಲೆಕ್ಸಿಗೆ, ಟಿವಿ ಜಾಹೀರಾತಿಗೆ ಎಷ್ಟೇ ಸುರಿದರೂ ಅವರು ಹೆದರುವುದು ಈ ಪ್ರಶ್ನೆಗೆ. ಅದಕ್ಕೆ ಉತ್ತರಿಸುವಾಗ ಅಂಗಡಿಯ ಹೆಸರು, ರೇಟು, ಡಿಸ್ಕೌಂಟಿನ ಜೊತೆ ಇನ್ನೊಂದು ಮಾತು ಸೇರಿಸಿ: "ಅಲ್ಲಿ ಹುಡುಗಿಯರಿಗೆ ಕೂರೋಕೆ ಸ್ಟೂಲ್ ಹಾಕಿದಾರೆ." ಅಥವಾ ಹಾಕಿಲ್ಲ ಎನ್ನಿ.

ನಿಮ್ಮ ಮನಸ್ಸಿನಲ್ಲಿ ಏಳುವ ಮಾತುಗಳು ನನಗೂ ಗೊತ್ತು, ಗಿರಾಕಿಗಳು ಬೆಂಚಿನ ಮೇಲೆ ಕೂತು ನನಗೆ ಹೇಳಿದವೇ.

ನಾವು ಆ ಅಂಗಡಿ ಬಿಟ್ಟರೆ ಅದೇ ಹೆಣ್ಣುಮಕ್ಕಳ ಕೆಲಸ ಹೋಗುವುದಿಲ್ಲವೇ? ಇದು ಗಟ್ಟಿ ಮಾತು, ತಳ್ಳಿಹಾಕುವಂಥದಲ್ಲ. ಅದಕ್ಕೇ ಹೇಳಿ ಬನ್ನಿ ಎಂದು ಕೇಳಿದ್ದು. ಸುಮ್ಮನೆ ಬೇರೆ ಅಂಗಡಿಗೆ ಹೋದರೆ ಮಾಲೀಕರು ಈ ಸಲ ಡಿಸೈನ್ ಹಿಡಿಸಲಿಲ್ಲ, ಪಕ್ಕದವನು ರೇಟು ಇಳಿಸಿದ ಎಂದುಕೊಳ್ಳುತ್ತಾರೆ. ಆ ಸಿಟ್ಟನ್ನು ಸೇಲ್ಸ್‌ನವರ ಮೇಲೇ ತೀರಿಸುತ್ತಾರೆ. "ಸ್ಟೂಲ್ ಹಾಕಿಸಿ, ಶ್ರಾವಣದಲ್ಲಿ ತಮ್ಮನ ಮಗಳ ಮದುವೆಯಿದೆ, ಆಗ ನಿಮ್ಮಲ್ಲಿಗೇ ಬರುತ್ತೇವೆ" ಎಂದು ಹೇಳಿದರೆ ಅದು ವ್ಯಾಪಾರದ ಮಾತಾಗುತ್ತದೆ. ವ್ಯಾಪಾರಸ್ಥರಿಗೆ ಅದು ಅರ್ಥವಾಗುತ್ತದೆ. ಅವರು ಸ್ಟೂಲ್ ಹಾಕಿಸಿದರೆ ಕೊಟ್ಟ ಮಾತಿನಂತೆ ಹೋಗಿ. ಆಗಲೂ ಹೋಗದಿದ್ದರೆ ನನ್ನ ಪತ್ರ ಕೆಟ್ಟದ್ದನ್ನೇ ಮಾಡಿದಂತಾಗುತ್ತದೆ.

ದೊಡ್ಡ ದೊಡ್ಡ ಅನ್ಯಾಯಗಳಿವೆ, ನೇಕಾರರ ಪಾಡಿದೆ, ಗಾರ್ಮೆಂಟಿನವರ ಗೋಳಿದೆ, ನೀವು ಸ್ಟೂಲಿನ ಮಾತಾಡುತ್ತೀರಲ್ಲ ಎಂದು ಒಬ್ಬ ಮೇಷ್ಟ್ರು ಕೇಳಿದರು. ನಿಜ, ಇವೆ. ಕೊಳ್ಳುವವರ ಮಾತು ಅಲ್ಲಿಗೂ ಮುಟ್ಟುತ್ತದೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದು ಬಾಗಿಲು ಹಾಕಿ ಸಾವಿರಕ್ಕೂ ಹೆಚ್ಚು ಜನರ, ಬಹುತೇಕ ಹೆಣ್ಣುಮಕ್ಕಳ, ಕೆಲಸ ತೆಗೆದಾಗ ಅವರು ವಾರಗಟ್ಟಲೆ ಧರಣಿ ಕೂತರು. ಅಲ್ಲಿ ಹೊಲಿಸಿದ ಬಟ್ಟೆ ಮಾರುತ್ತಿದ್ದ ವಿದೇಶಿ ಬ್ರ್ಯಾಂಡಿನ ಮೇಲೂ ದೂರದ ದೇಶಗಳಿಂದ ಒತ್ತಡ ಬಿತ್ತು. 2021ರ ಆರಂಭದಲ್ಲಿ ಕಂಪನಿ ಕಾರ್ಮಿಕ ಸಂಘಟನೆಯೊಡನೆ ಒಪ್ಪಂದ ಮಾಡಿಕೊಂಡು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿತು. ಆದರೆ ಒಂದು ಸೀರೆಯನ್ನು ಯಾರು ನೇಯ್ದರು, ಅವರಿಗೆಷ್ಟು ಸಿಕ್ಕಿತು ಎಂಬುದು ಕೌಂಟರಿನ ಮುಂದೆ ಕೂತ ನಿಮಗೆ ಕಾಣುವುದಿಲ್ಲ. ಸೀರೆ ತೋರಿಸುತ್ತಿರುವವಳು ನಿಮ್ಮಿಂದ ಎರಡು ಮೊಳ ದೂರದಲ್ಲಿದ್ದಾಳೆ. ವರದಿ ಓದಬೇಕಿಲ್ಲ, ತಲೆ ಎತ್ತಿ ನೋಡಿದರೆ ಸಾಕು. ಹತ್ತಿರದ್ದು ಮೊದಲು ಆಗಲಿ ಎಂಬುದು ನನ್ನ ಲೆಕ್ಕ.

ಇನ್ನು, "ಈ ತಲೆನೋವೇ ಬೇಡ, ಆನ್‌ಲೈನಿನಲ್ಲಿ ತರಿಸಿದರಾಯಿತು" ಎನ್ನುವ ಮದುಮಗಳಿಗೆ: ಅಲ್ಲಿ ನಿಂತವರು ನಿನಗೆ ಕಾಣುವುದಿಲ್ಲ ಅಷ್ಟೇ, ತಾಯಿ. 2024ರಲ್ಲಿ ಹರಿಯಾಣದ ಮಾನೇಸರಿನ ಗೋದಾಮೊಂದರಲ್ಲಿ, ಟಾರ್ಗೆಟ್ ಮುಗಿಯುವವರೆಗೆ ನೀರಿಗೂ ಶೌಚಕ್ಕೂ ಹೋಗುವುದಿಲ್ಲ ಎಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರೆಂಬ ಸುದ್ದಿ ಬಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸು ಕೊಟ್ಟಿತ್ತು. ಅದಿರಲಿ, ಧಾರೆ ಸೀರೆಯನ್ನು ಮುಟ್ಟಿ ನೋಡದೆ ಕೊಳ್ಳುವುದನ್ನು ನಾನಂತೂ ಒಪ್ಪಲಾರೆ.

ಹಾಗಾದರೆ ಏನು ಮಾಡಬೇಕು? ಜವಳಿಗೆ ದಿನ ಗೊತ್ತಾದ ಮೇಲೆ ಮನೆಯಿಂದ ಇಬ್ಬರು ಮೊದಲೇ ಹೋಗಿ ಎರಡು ಮೂರು ಅಂಗಡಿ ನೋಡಿ ಬರುತ್ತೀರಲ್ಲ, ಹೇಗೂ ಬಾರ್ಡರು, ರೇಟು ನೋಡಲು. ಆಗ ಕೌಂಟರಿನ ಹಿಂದೆಯೂ ಕಣ್ಣು ಹಾಯಿಸಿ. ಸ್ಟೂಲ್ ಇದೆಯೇ? ಇದ್ದರೆ ಅದರ ಮೇಲೆ ಮನುಷ್ಯರು ಕೂತಿದ್ದಾರೋ, ಸೀರೆಯ ಕಟ್ಟುಗಳು ಕೂತಿವೆಯೋ? ವ್ಯಾಪಾರ ತೆಳ್ಳಗಿರುವ ಹೊತ್ತಿನಲ್ಲಿ, ವಾರದ ನಡುವಿನ ಮಧ್ಯಾಹ್ನ ಹೋದರೆ ಇದು ಚೆನ್ನಾಗಿ ತಿಳಿಯುತ್ತದೆ. ಎಲ್ಲರೂ ಗೋಡೆಗೆ ಒರಗದೆ, ಕೈಕಟ್ಟಿ, ಸಾಲಾಗಿ ನಿಂತಿದ್ದರೆ ಇನ್ನೇನೂ ಕೇಳಬೇಕಿಲ್ಲ.

ದಯವಿಟ್ಟು ಆ ಹುಡುಗಿಯರನ್ನು ಕೇಳಬೇಡಿ. "ನಿಮಗೆ ಕೂರಲು ಬಿಡ್ತಾರಾ?" ಎಂದು ಮ್ಯಾನೇಜರ್ ಎದುರು ನೀವು ಕರುಣೆಯಿಂದ ಕೇಳಿದ ಪ್ರಶ್ನೆಗೆ ಅವಳು ಆಮೇಲೆ ಬೇರೆಯವರಿಗೆ ಉತ್ತರ ಕೊಡಬೇಕಾಗುತ್ತದೆ. ಕ್ಯಾಮೆರಾ ಇದೆ, ಕಿವಿಗಳಿವೆ. ಮಾತು ಮಾಲೀಕರ ಜೊತೆಯೇ ಆಗಲಿ, ಗಲ್ಲಾದ ಬಳಿ, ನಿಮ್ಮಲ್ಲಿ ಹಿರಿಯರಾದವರು ಆಡಲಿ. ದನಿ ಏರಿಸಬೇಡಿ, ವಿಡಿಯೋ ಮಾಡಬೇಡಿ. "ನಮ್ಮ ಮರ್ಯಾದೆಗೆ ಅವರು ನಿಲ್ಲುವುದು ಬೇಡ ಸ್ವಾಮಿ, ನಾವು ಬಂದಾಗ ಎದ್ದರೆ ಸಾಕು" ಎಂದು ಹೇಳಿದರೆ ಅವರಿಗೆ ಉತ್ತರವೇ ಇರುವುದಿಲ್ಲ, ಯಾಕೆಂದರೆ ಅವರ ಕೈಯಲ್ಲಿದ್ದ ಕಾರಣ ಅದೊಂದೇ.

ಸ್ಟೂಲ್ ಇರುವ ಅಂಗಡಿಯಲ್ಲೇ ನೀವು ಜವಳಿ ತೆಗೆದರೂ ಇನ್ನೊಂದೆರಡು ಮಾತು. ಸಂಜೆ ಏಳರ ಮೇಲೆ ದೊಡ್ಡ ಜವಳಿಗೆ ಕೂರಬೇಡಿ. ಉಡುಗೊರೆ ಸೀರೆ ಎಷ್ಟು, ಯಾವ ಬೆಲೆಯೊಳಗೆ ಎಂಬುದನ್ನು ಮನೆಯಲ್ಲೇ ಬರೆದುಕೊಂಡು ಬನ್ನಿ. ಅತ್ತಿಗೆ ನಾದಿನಿಯರ ಚರ್ಚೆ ಅಂಗಡಿಯಲ್ಲಿ ನಡೆದಷ್ಟೂ ರಾಶಿ ಬೆಳೆಯುತ್ತದೆ. ನೀವು ಊಟಕ್ಕೆ ಏಳುವಾಗ "ನಮ್ಮ ಕೌಂಟರಿನವರೂ ಊಟ ಮಾಡಿ ಬರಲಿ, ನಾವು ನಿಧಾನಕ್ಕೆ ಬರುತ್ತೇವೆ" ಎಂದು ಮ್ಯಾನೇಜರ್ ಕಿವಿಗೆ ಬೀಳುವಂತೆ ಹೇಳಿ. ಆಷಾಢದ ಸೇಲಿನಲ್ಲಿ, ದೀಪಾವಳಿಯ ಹಿಂದಿನ ಎರಡು ದಿನ ಹೋಗಲೇಬೇಕೇ ಎಂದು ಒಮ್ಮೆ ಯೋಚಿಸಿ. ಆ ದಿನಗಳಲ್ಲಿ ನನ್ನ ಬೆಂಚು ಖಾಲಿ ಇರುತ್ತದೆ. ಊಟಕ್ಕೂ ಬಿಡುವಿಲ್ಲದವರು ಬೆಂಚಿಗೆಲ್ಲಿ ಬಂದಾರು?

ಇದೆಲ್ಲ ಆಗದ ಮಾತು ಎನ್ನುವವರಿಗೆ ಒಂದು ಸುದ್ದಿ. ನಮ್ಮ ಬೀದಿಯಲ್ಲೇ ಒಂದು ಅಂಗಡಿಯವರು ಕೌಂಟರಿನ ಕೆಳಗೆ ತಳ್ಳಿಡುವಂಥ ಸ್ಟೂಲುಗಳನ್ನು ಮಾಡಿಸಿದ್ದಾರೆ. ಗಿರಾಕಿ ಬಂದರೆ ಒಳಗೆ, ಹೋದರೆ ಹೊರಗೆ. ಅದರಿಂದ ವ್ಯಾಪಾರ ಬಿದ್ದಿದ್ದರೆ ಅವರು ಎರಡನೇ ಮಹಡಿ ಕಟ್ಟಿಸುತ್ತಿರಲಿಲ್ಲ. ಹೆಸರು ಬರೆಯುವುದಿಲ್ಲ, ಜಾಹೀರಾತಾದೀತು. ಬಂದು ನೀವೇ ಹುಡುಕಿ. ಸುಲಭ, ಆ ಅಂಗಡಿಯ ಹುಡುಗಿಯರು ಮಧ್ಯಾಹ್ನ ನನ್ನಲ್ಲಿಗೆ ಬರುವುದನ್ನು ಬಿಟ್ಟಿದ್ದಾರೆ.

ಕೊನೆಯದಾಗಿ ನನ್ನ ಕಸುಬಿನ ಮಾತು. ಬ್ಲೌಸ್ ಹೊಲಿಯಲು ಕೊಡುವವರು ಮದುವೆಗೆ ಮೂರು ವಾರ ಮುಂಚೆಯಾದರೂ ಕೊಡಿ, ಅಳತೆಯ ಬ್ಲೌಸ್ ಮರೆಯದೆ ತನ್ನಿ. ಕುಚ್ಚು ಕಟ್ಟಲು ಇನ್ನೂ ನಾಲ್ಕು ದಿನ ಹೆಚ್ಚು ಬೇಕು. ಸೀರೆ ಯಾವ ಅಂಗಡಿಯದು ಎಂದು ನಾನು ಎಲ್ಲರನ್ನೂ ಕೇಳುವುದುಂಟು. ಇನ್ನು ಮುಂದೆ ಅಲ್ಲಿ ಸ್ಟೂಲ್ ಇತ್ತೇ ಎಂದೂ ಕೇಳುತ್ತೇನೆ. ಬೇಸರ ಮಾಡಿಕೊಳ್ಳದೆ ಉತ್ತರ ಹೇಳಬೇಕಾಗಿ ವಿನಂತಿ.

ನಿಮ್ಮ ಮನೆಯ ಶುಭಕಾರ್ಯ ಸಾಂಗವಾಗಿ ನಡೆಯಲಿ.

ಇತಿ,
ನಿಮ್ಮ ವಿಶ್ವಾಸದ,
ಬ್ಲೌಸ್ ಹೊಲಿಯುವ ಒಬ್ಬ ಹೆಣ್ಣುಮಗಳು
ದಾವಣಗೆರೆ